ಪ್ರಶ್ನೆ ಕೇಳುವುದು ಬಿಟ್ಟೆ, ಆಟಕ್ಕೆ ಕೂತೆ

ನಮ್ಮ ಮನೆಯ ಸೋಫಾದ ಕೆಳಗೆ ಒಂದು ಹಳೇ ಸ್ಟೀಲ್ ಡಬ್ಬ ಇದೆ. ಅದರ ತುಂಬ ಬಾಟಲಿ ಮುಚ್ಚಳಗಳು. ನೀರಿನ ಬಾಟಲಿಯ ನೀಲಿ, ಅಡುಗೆ ಎಣ್ಣೆಯ ಹಳದಿ, ಫಿನಾಯಿಲ್‌ನ ಬಿಳಿ, ಕೆಮ್ಮಿನ ಸಿರಪ್‌ನ ಪುಟ್ಟ ಕೆಂಪು. ಮೊನ್ನೆ ಎಣಿಸಿದೆ, 118 ಇವೆ. ಮನೆಗೆ ಬಂದ ನೆಂಟರು ‘ಇದನ್ನೆಲ್ಲ ಯಾಕಮ್ಮ ಇಟ್ಕೊಂಡಿದ್ದೀಯ, ಗುಜರಿಗೆ ಹಾಕಬಾರದಾ?’ ಅಂತಾರೆ. ಹಾಕಲ್ಲ. ನನ್ನ ಮಗ ತಾನಾಗಿಯೇ ಮೊದಲ ಸಲ ನನ್ನ ಕೈಗೆ ಕೊಟ್ಟ ವಸ್ತು ಈ ಡಬ್ಬದ್ದೇ. ಆಗ ಅವನಿಗೆ ಮೂರು ವರ್ಷ ಏಳು ತಿಂಗಳು.

ಕೊಟ್ಟರೆ ಏನು ಮಹಾ ಅನ್ನಿಸಬಹುದು. ಒಂದು ವರ್ಷದ ಮಗು ಅರ್ಧ ಚೀಪಿದ ಬಿಸ್ಕತ್ತನ್ನು ಅಮ್ಮನ ಬಾಯಿಗೆ ತುರುಕುತ್ತದೆ. ಕಾಂಪೌಂಡ್ ಮೇಲೆ ಕಾಗೆ ಕೂತರೆ ಬೆರಳು ತೋರಿಸುತ್ತದೆ, ಕಾಗೆಯನ್ನು ನೋಡುತ್ತದೆ, ಆಮೇಲೆ ತಿರುಗಿ ನಮ್ಮ ಮುಖ ನೋಡುತ್ತದೆ. ನಾನು ನೋಡಿದ್ದನ್ನು ನೀನೂ ನೋಡಿದೆಯಾ ಅಂತ ಕೇಳುವ ನೋಟ ಅದು. ಬಹುಪಾಲು ಮಕ್ಕಳಿಗೆ ಅದನ್ನು ಯಾರೂ ಕಲಿಸುವುದಿಲ್ಲ. ನಮ್ಮ ಪುಟ್ಟನಿಗೆ (ಮನೆಯಲ್ಲಿ ಕರೆಯುವುದು ಹಾಗೇ, ಇಲ್ಲೂ ಅದೇ ಇರಲಿ) ಅದು ಬಂದಿರಲಿಲ್ಲ.

ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಒಳಗಿನ ರೂಮಿನಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿದರೆ ಓಡಿ ಬರುತ್ತಿದ್ದ, ಹಾಗಾಗಿ ಕಿವಿ ಸರಿಯಿದೆ ಅಂತ ಗೊತ್ತಿತ್ತು. ಒಂದೂವರೆ ವರ್ಷಕ್ಕೆ ಬಂದಿದ್ದ ನಾಲ್ಕೈದು ಪದಗಳು ಎರಡು ತುಂಬುವಷ್ಟರಲ್ಲಿ ಒಂದೊಂದಾಗಿ ಹೋದವು. ‘ಅವರಪ್ಪನೂ ನಾಲ್ಕು ತುಂಬಿದ ಮೇಲೇ ಬಾಯಿ ಬಿಟ್ಟಿದ್ದು ಕಣಮ್ಮ, ತಲೆ ಕೆಡಿಸ್ಕೋಬೇಡ’ ಅಂದರು ನಮ್ಮತ್ತೆ. ಧೈರ್ಯ ಹೇಳಲಿಕ್ಕೆ ಅಂದದ್ದು. ನನಗೂ ಅದೇ ಬೇಕಾಗಿತ್ತು. ಹತ್ತು ತಿಂಗಳು ಸುಮ್ಮನಿದ್ದೆ. ಅತ್ತೆಯ ಮೇಲೆ ಇವತ್ತಿಗೂ ನನಗೆ ಬೇಸರವಿಲ್ಲ. ಆ ಹತ್ತು ತಿಂಗಳ ಬಗ್ಗೆ ನನ್ನ ಮೇಲೆ ಇದೆ.

ಹಾಗಾಗಿ ಓದುಗರಲ್ಲಿ ಚಿಕ್ಕ ಮಕ್ಕಳಿರುವವರಿಗೆ ಒಂದು ಮಾತು, ಉಳಿದದ್ದು ಆಮೇಲೆ. ವರ್ಷ ದಾಟಿ ಎರಡು ಮೂರು ತಿಂಗಳಾದರೂ ಮಗು ಬೆರಳು ತೋರಿಸದಿದ್ದರೆ, ಕರೆದರೆ ತಿರುಗದಿದ್ದರೆ, 16 ತಿಂಗಳಾದರೂ ಒಂದು ಪದ ಬರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ತೋರಿಸಿ. ಬಂದ ಮಾತು ಯಾವ ವಯಸ್ಸಿನಲ್ಲಿ ಹೋದರೂ ಅವತ್ತೇ ತೋರಿಸಿ. 16ರಿಂದ 30 ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಅನ್ನುವ ಪ್ರಶ್ನಾವಳಿ ಇದೆ, ತಂದೆತಾಯಿಯೇ ಹೌದು-ಅಲ್ಲ ಅಂತ ಉತ್ತರಿಸುವಂಥದ್ದು. ಹತ್ತು ನಿಮಿಷವೂ ಹಿಡಿಯುವುದಿಲ್ಲ.

ನಾವಿರುವುದು ಮೈಸೂರಿನಲ್ಲಿ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರಿನವರ ಬಾಯಲ್ಲಿ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. ಎಲ್ಲೆಲ್ಲಿಂದಲೋ ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಸರತಿಯಲ್ಲಿ ಕೂರುವ ತಾಯಂದಿರನ್ನು ನೋಡಿದಾಗ, ಮನೆಯಿಂದ ಇಷ್ಟು ಹತ್ತಿರವಿದ್ದೂ ಹತ್ತು ತಿಂಗಳು ಬರಲಿಲ್ಲವಲ್ಲ ಅನ್ನಿಸಿತು. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಾತಿನದು, ಆಮೇಲೆ ಮನಶ್ಶಾಸ್ತ್ರಜ್ಞರು. ಆಟಿಸಂ ಅಂದರು.

ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಅಂತಾರೆ, ತನ್ನಲ್ಲೇ ಲೀನವಾಗಿರುವುದು. ನನಗೆ ಆ ಪದ ಅಷ್ಟಾಗಿ ಹಿಡಿಸಲ್ಲ. ತನ್ನಲ್ಲೇ ಮುಳುಗಿದವನನ್ನು ಹೊರಗೆ ಎಳೆಯಬೇಕು ಅನ್ನುವ ಯೋಚನೆ ಅದರಲ್ಲೇ ಇದೆ. ನಾನೂ ಎಳೆದೆ. ಎಳೆದು ಏನಾಯಿತು ಅನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಕಾರ್ಡಿನ ಸೇಬು, ತಟ್ಟೆಯ ಸೇಬು

ಮನೆಗೆ ಹತ್ತಿರ ಅಂತ ಒಂದು ಖಾಸಗಿ ಥೆರಪಿ ಕೇಂದ್ರಕ್ಕೆ ಸೇರಿಸಿದೆವು. ಹೆಸರು ಬೇಡ. ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ. ಪುಟ್ಟ ಕುರ್ಚಿ, ಎದುರಿಗೆ ಟೇಬಲ್. ಅವನು ಎದ್ದು ಹೋಗದ ಹಾಗೆ ಟೇಬಲ್ಲನ್ನು ಹೊಟ್ಟೆಯವರೆಗೂ ಎಳೆದು ಇಡುತ್ತಿದ್ದರು. ಟೇಬಲ್ ಮೇಲೆ ಚಿತ್ರದ ಕಾರ್ಡುಗಳು. ‘ಟಚ್ ಆ್ಯಪಲ್.’ ಮುಟ್ಟಿದರೆ ಒಂದು ಜೆಮ್ಸ್. ಮುಟ್ಟದಿದ್ದರೆ ಅವನ ಕೈ ಹಿಡಿದು ಮುಟ್ಟಿಸುವುದು, ಮತ್ತೆ ‘ಟಚ್ ಆ್ಯಪಲ್’.

ಆರು ತಿಂಗಳಲ್ಲಿ 24 ಕಾರ್ಡು ಕಲಿತ. ಫೈಲಿನಲ್ಲಿ ಗ್ರಾಫ್ ಮೇಲಕ್ಕೆ ಏರಿತ್ತು. ನಾನು ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಮೇಲಕ್ಕೆ ಹೋಗುವ ಗ್ರಾಫ್ ನೋಡಿದರೆ ನನಗೆ ಸಮಾಧಾನ. ಒಂದು ಸಂಜೆ ಸೇಬು ಹೆಚ್ಚಿ ತಟ್ಟೆಯಲ್ಲಿಟ್ಟು, ಒಂದು ಇಡೀ ಸೇಬನ್ನೂ ಪಕ್ಕದಲ್ಲಿಟ್ಟು ‘ಪುಟ್ಟಾ, ಆ್ಯಪಲ್ ಎಲ್ಲಿ?’ ಅಂದೆ. ಅವನು ಸೇಬನ್ನು ನೋಡಲೇ ಇಲ್ಲ. ಎದ್ದು ಹೋಗಿ ಶೆಲ್ಫಿನಿಂದ ಕಾರ್ಡಿನ ಕಟ್ಟು ತಂದು ಕೆಳಗಿಟ್ಟ. ಜೆಮ್ಸ್‌ಗೆ ಕೈ ಚಾಚಿದ.

ಆ ಕೇಂದ್ರದವರು ದುಡ್ಡು ಹೊಡೆಯಲು ಕೂತವರಲ್ಲ. ಅಲ್ಲಿದ್ದ ಹುಡುಗಿ ಪಾಪ ಬೆವರು ಸುರಿಸಿ ಕೆಲಸ ಮಾಡುತ್ತಿದ್ದಳು. ಟೇಬಲ್ ಮುಂದೆ ಕೂರಿಸಿ ಸಣ್ಣ ಸಣ್ಣ ತುಂಡು ಮಾಡಿ ಕಲಿಸುವುದಕ್ಕೂ ದೊಡ್ಡ ಇತಿಹಾಸವಿದೆ, ಕೆಲವು ಕೌಶಲಗಳಿಗೆ ಅದು ಬೇಕಾಗುತ್ತದೆ ಅಂತ ಆಮೇಲೆ ತಿಳಿಯಿತು. ಬಟನ್ ಹಾಕುವುದನ್ನು ಪುಟ್ಟ ಕಲಿತದ್ದು ಹಾಗೆಯೇ. ಆದರೆ ಮಾತು ಅನ್ನುವುದು ಇನ್ನೊಬ್ಬರ ಜತೆ ಆಡುವಂಥದ್ದು. ಕಾರ್ಡಿನ ಜತೆ ಕಲಿತ ಮಾತು ಕಾರ್ಡಿನಲ್ಲೇ ಉಳಿಯಿತು.

ಇನ್ನೊಂದು ಸಲಹೆಯನ್ನೂ ಕೊಟ್ಟಿದ್ದರು. ‘ಮನೇಲಿ ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಇರಲಿ, ಮುಂದೆ ಸ್ಕೂಲಿಗೆ ಅದೇ ಬೇಕಲ್ಲ. ಕನ್ನಡ ಸೇರಿಸಿದರೆ ಮಗು ಕನ್‌ಫ್ಯೂಸ್ ಆಗತ್ತೆ.’ ನಾವು ಮೇಷ್ಟ್ರ ಮಾತು ಕೇಳುವ ಮಕ್ಕಳ ಹಾಗೆ ಪಾಲಿಸಿದೆವು. ನಮ್ಮವರು ಆಫೀಸಿನಿಂದ ಬಂದು ‘ಕಮ್ ಪುಟ್ಟ, ಸಿಟ್ ಪುಟ್ಟ’ ಅನ್ನತೊಡಗಿದರು. ಹೊಳೆನರಸೀಪುರದ ಕಡೆಯ ಹಳ್ಳಿಯಲ್ಲಿ ಬದುಕು ಕಳೆದ ನಮ್ಮತ್ತೆಗೆ ಇಂಗ್ಲಿಷ್ ಎಲ್ಲಿ ಬರಬೇಕು? ಮೊಮ್ಮಗನ ಮುಂದೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಓಡಾಡುತ್ತಿದ್ದರು. ‘ನಾನೇನಾದ್ರೂ ಅಂದು ಮಗೀಗೆ ತೊಂದ್ರೆ ಆದ್ರೆ?’ ಅಂತ. ಮನೆಯಲ್ಲಿ ಮಾತು ಬಾರದವರು ಇಬ್ಬರಾದರು.

ಹತ್ತು ನಿಮಿಷ, 71 ಪ್ರಶ್ನೆ

ಕೇಂದ್ರಕ್ಕೆ ಕರೆದುಕೊಂಡು ಹೋಗುವಾಗ ಗೇಟಿನ ಹತ್ತಿರವೇ ಅವನು ತನ್ನ ಕೈ ಕಚ್ಚಿಕೊಳ್ಳಲು ಶುರು ಮಾಡಿದ. ಅದನ್ನೂ ಹೇಗೋ ಸಹಿಸಿಕೊಂಡೆವು. ಆದರೆ ಮನೆಯಲ್ಲಿ ನಾನು ಹೋಗಿ ಪಕ್ಕದಲ್ಲಿ ಕೂತರೆ ಅವನು ಎದ್ದು ಹೋಗುತ್ತಾನೆ ಅಂತ ಗಮನಕ್ಕೆ ಬಂದ ದಿನ ನನಗೆ ತಡೆಯಲಾಗಲಿಲ್ಲ. ಅಪ್ಪ ಕೂತರೆ ಇರುತ್ತಿದ್ದ. ಅಜ್ಜಿ ಕೂತರೆ ಇರುತ್ತಿದ್ದ. ನಾನು ಕೂತರೆ ತನ್ನ ಮುಚ್ಚಳಗಳನ್ನು ಬಾಚಿಕೊಂಡು ಇನ್ನೊಂದು ಮೂಲೆಗೆ.

ಅದೇ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಒಬ್ಬ ವಾಕ್ ಚಿಕಿತ್ಸಕಿಯ ಪರಿಚಯ ಮಾಡಿಸಿದರು. ಆಕೆ ಮೊದಲ ದಿನ ಮಗುವಿಗೆ ಏನೂ ಮಾಡಿಸಲಿಲ್ಲ. ‘ನೀವು ಮನೇಲಿ ಅವನ ಜತೆ ಆಡ್ತೀರಲ್ಲ, ಹತ್ತು ನಿಮಿಷ ವಿಡಿಯೊ ಮಾಡ್ಕೊಂಡು ಬನ್ನಿ ಮೇಡಂ’ ಅಂದರು. ನಮ್ಮವರು ಮೊಬೈಲಿನಲ್ಲಿ ತೆಗೆದರು. ಮುಂದಿನ ವಾರ ಇಬ್ಬರೂ ಕೂತು ನೋಡಿದೆವು. ಆಕೆ ನನ್ನ ಕೈಗೆ ಪೆನ್ನು ಪೇಪರ್ ಕೊಟ್ಟು, ‘ನೀವು ಎಷ್ಟು ಪ್ರಶ್ನೆ ಕೇಳಿದ್ದೀರಿ, ಒಂದೊಂದಕ್ಕೂ ಒಂದು ಗೀಟು ಹಾಕ್ತಾ ಹೋಗಿ’ ಅಂದರು.

ಇದೇನು? ಇದು ಯಾವ ಕಲರ್? ಕಾರ್ ಹೇಗೆ ಸೌಂಡ್ ಮಾಡತ್ತೆ? ಎಲ್ಲಿ, ಅಮ್ಮನ್ನ ನೋಡು? ಎಷ್ಟಿದೆ, ಒನ್ ಟೂ ಆಮೇಲೆ? ಹತ್ತು ನಿಮಿಷಕ್ಕೆ 71 ಗೀಟು. ಒಂದಕ್ಕೂ ಅವನು ಉತ್ತರಿಸಿರಲಿಲ್ಲ. ಒಂದಕ್ಕೂ ನಾನು ಉತ್ತರಕ್ಕಾಗಿ ಕಾದಿರಲೂ ಇಲ್ಲ. ಒಂದು ಪ್ರಶ್ನೆ ಕೇಳಿ ಎರಡು ಸೆಕೆಂಡ್ ಆಗುವಷ್ಟರಲ್ಲಿ ಮುಂದಿನದು. ಅಷ್ಟರ ನಡುವೆ ಅವನು ಎರಡು ಸಲ ನನ್ನ ಕಡೆ ತಿರುಗಿದ್ದ. ನಾನು ಕಾರ್ಡು ಹುಡುಕುತ್ತಿದ್ದೆ, ನೋಡಿರಲಿಲ್ಲ.

ಚಿಕಿತ್ಸಕಿ ಬೈಯಲಿಲ್ಲ. ‘ಟೀಚರ್ ಅಲ್ವಾ, ಅಭ್ಯಾಸ ಆಗೋಗಿರತ್ತೆ’ ಅಂದು ನಕ್ಕರು. ಆಮೇಲೆ, ‘ಒಂದು ವಾರ ಒಂದೂ ಪ್ರಶ್ನೆ ಕೇಳಬೇಡಿ. ಏನೂ ಕಲಿಸಬೇಡಿ. ಅವನು ಏನು ಮಾಡ್ತಾನೋ ನೀವೂ ಅದನ್ನೇ ಮಾಡಿ. ಅವನದನ್ನ ಕಿತ್ಕೋಬೇಡಿ, ನಿಮಗೆ ಬೇರೆ ಮುಚ್ಚಳ ಇಟ್ಕೊಳ್ಳಿ’ ಅಂದರು. ಫೀಸು ಕೊಟ್ಟು ಹೊರಗೆ ಬಂದಾಗ ನಮ್ಮವರು ಕೇಳಿದರು: ‘ಮುಚ್ಚಳ ಜೋಡಿಸೋದನ್ನ ಬಿಡಿಸಿ ಅಂತ ಬಂದ್ರೆ, ನೀನೂ ಜೋಡಿಸು ಅಂತಾರಲ್ಲ?’

ನನಗೂ ಅದೇ ಅನುಮಾನ. ಹಿಂದಿನ ಕೇಂದ್ರದಲ್ಲಿ ಸಾಲು ಜೋಡಿಸುವುದನ್ನು ‘ನಿಲ್ಲಿಸಬೇಕಾದ ವರ್ತನೆ’ಯ ಪಟ್ಟಿಯಲ್ಲಿ ಬರೆದಿದ್ದರು. ನಾನು ಮುಚ್ಚಳಗಳನ್ನು ಅಟ್ಟದ ಮೇಲೆ ಬಚ್ಚಿಟ್ಟದ್ದೂ ಉಂಟು.

ನೆಲದ ಮೇಲೆ ಆರು ದಿನ

ಸೋಮವಾರ ಸಂಜೆ ಅವನ ಎದುರಿಗೆ ಮೂರಡಿ ದೂರದಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿದೆ. ಮಗುವಿನ ಕಣ್ಣಿನ ಮಟ್ಟಕ್ಕೆ ನಮ್ಮ ಮುಖ ಇರಬೇಕು ಅಂದಿದ್ದರು. ಅವನು ಬೆನ್ನು ತಿರುಗಿಸಿ ಕೂತ. ನಾನು ನನ್ನ ಪಾಡಿಗೆ ಸಾಲು ಹಾಕಿದೆ. ಮಂಗಳವಾರವೂ ಅಷ್ಟೇ. ಏನೂ ಕೇಳದೆ ಇಪ್ಪತ್ತು ನಿಮಿಷ ಇರುವುದು ಎಷ್ಟು ಕಷ್ಟ ಅನ್ನುವುದು ಮಾಡಿ ನೋಡಿದರೆ ಗೊತ್ತಾಗುತ್ತದೆ. ‘ಇದು ಯಾವ ಬಣ್ಣ’ ಅನ್ನುವುದು ನಾಲಿಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಬುಧವಾರ ಅವನ ಸಾಲನ್ನು ಸರಿಯಾಗಿ ನೋಡಿದೆ. ಎರಡು ವರ್ಷದಿಂದ ಕಣ್ಣೆದುರಿಗಿದ್ದದ್ದನ್ನು ನೋಡಿರಲೇ ಇಲ್ಲ. ನಾನು ಅಂದುಕೊಂಡ ಹಾಗೆ ಸುಮ್ಮನೆ ಸಾಲಲ್ಲ ಅದು. ನೀಲಿ, ಹಳದಿ, ನೀಲಿ, ಬಿಳಿ, ಮತ್ತೆ ನೀಲಿ, ಹಳದಿ, ನೀಲಿ, ಬಿಳಿ. ಮಧ್ಯೆ ಒಂದು ತಪ್ಪಿದರೆ ತಾನೇ ಹಿಂದಕ್ಕೆ ಬಂದು ಸರಿ ಮಾಡುತ್ತಿದ್ದ. ಗಣಿತ ಟೀಚರ್‌ಗೆ ಮಗನ ಲೆಕ್ಕ ಕಾಣಲು ನೆಲದ ಮೇಲೆ ಮಲಗಬೇಕಾಯಿತು.

ನಾನೂ ಅದೇ ಕ್ರಮದಲ್ಲಿ ಜೋಡಿಸಿದೆ. ಗುರುವಾರ ಅವನು ಬೆನ್ನು ತಿರುಗಿಸಲಿಲ್ಲ. ಶುಕ್ರವಾರ ನನ್ನ ಸಾಲನ್ನು ತನ್ನ ಸಾಲಿನ ಕಡೆಗೆ ಬೆಳೆಸಿದೆ, ಕೂಡುವ ಜಾಗಕ್ಕೆ ಬಂದಾಗ ನಿಲ್ಲಿಸಿದೆ. ಅವನು ಸ್ವಲ್ಪ ಹೊತ್ತು ನೋಡಿದ, ತನ್ನ ಸಾಲನ್ನು ಬಗ್ಗಿಸಿ ಬೇರೆ ದಿಕ್ಕಿಗೆ ಒಯ್ದ. ನನಗೆ ನಗು ಬಂತು. ತಪ್ಪಿಸಿಕೊಂಡು ಹೋಗುವುದೂ ಒಂದು ಉತ್ತರವೇ.

ಶನಿವಾರ ನನ್ನಲ್ಲಿ ನೀಲಿ ಮುಗಿದಿತ್ತು. ಬೇಕಂತಲೇ ಮಾಡಿದ್ದಲ್ಲ, ನಿಜಕ್ಕೂ ಮುಗಿದಿತ್ತು. ಹಳದಿ ಇಟ್ಟು ಕೈ ತಡೆದೆ. ‘ನೀಲಿ ಇಲ್ಲ’ ಅಂದೆ, ನನಗೆ ನಾನೇ ಹೇಳಿಕೊಳ್ಳುವ ಹಾಗೆ. ಆಮೇಲೆ ಸುಮ್ಮನಾದೆ. ಚಿಕಿತ್ಸಕಿ ಹೇಳಿದ್ದ ಹಾಗೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಹೋದೆ. ಎಂಟೋ ಒಂಬತ್ತೋ ಆಗಿತ್ತು. ಒಂದು ಪುಟ್ಟ ಕೈ ಬಂತು. ನೀಲಿ ಮುಚ್ಚಳವನ್ನು ನನ್ನ ಅಂಗೈ ಮೇಲಿಟ್ಟು, ಒಂದು ಕ್ಷಣ ನನ್ನ ಮುಖ ನೋಡಿದ.

ನಾನು ಅಪ್ಪಿಕೊಳ್ಳಲಿಲ್ಲ, ಕೂಗಲಿಲ್ಲ. ಮುಚ್ಚಳವನ್ನು ಸಾಲಿನಲ್ಲಿಟ್ಟೆ. ‘ನೀಲಿ’ ಅಂದೆ. ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತದ್ದು ಆಮೇಲೆ.

ಈ ವಿಧಾನಗಳಿಗೆಲ್ಲ ಹೆಸರುಗಳಿವೆ ಅನ್ನುವುದು ಓದುತ್ತಾ ಗೊತ್ತಾಯಿತು. ಅಮೆರಿಕದ ಮಕ್ಕಳ ಮನೋವೈದ್ಯ ಸ್ಟ್ಯಾನ್ಲಿ ಗ್ರೀನ್‌ಸ್ಪ್ಯಾನ್ ಮತ್ತು ಸೆರೀನಾ ವೀಡರ್ ರೂಪಿಸಿದ್ದು ‘ಫ್ಲೋರ್‌ಟೈಮ್’. ಹೆಸರೇ ಹೇಳುವ ಹಾಗೆ ನೆಲಕ್ಕೆ ಇಳಿಯುವುದು, ಮಗು ಹಿಡಿದ ದಾರಿಯಲ್ಲಿ ಹೋಗುವುದು. ಮಗು ಒಂದು ಸನ್ನೆ ಮಾಡುತ್ತದೆ, ನಾವು ಉತ್ತರಿಸುತ್ತೇವೆ, ಅದಕ್ಕೆ ಮಗು ಮತ್ತೆ ಏನೋ ಮಾಡುತ್ತದೆ. ಹೀಗೆ ಒಂದು ಸುತ್ತು ಪೂರ್ತಿಯಾದರೆ ಅದನ್ನು ಸಂವಹನದ ಒಂದು ವೃತ್ತ ಅಂದರು ಅವರು. ಸ್ಯಾಲಿ ರೋಜರ್ಸ್ ಮತ್ತು ಜೆರಾಲ್ಡೀನ್ ಡಾಸನ್ ಅವರ ‘ಡೆನ್ವರ್ ಮಾದರಿ’ ಇನ್ನೂ ಚಿಕ್ಕ ಮಕ್ಕಳಿಗೆ. ಅದರಲ್ಲಿ ಆಟದ ಒಳಗೇ ಕಲಿಕೆಯ ಗುರಿಗಳನ್ನು ಹೆಣೆದಿರುತ್ತಾರೆ. 18ರಿಂದ 30 ತಿಂಗಳ 48 ಮಕ್ಕಳ ಮೇಲೆ ಎರಡು ವರ್ಷ ನಡೆದ ಅವರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಈ ರೀತಿ ಕಲಿತ ಮಕ್ಕಳ ಭಾಷೆ, ಬುದ್ಧಿಮತ್ತೆ ಮಾಮೂಲು ಸೇವೆ ಪಡೆದ ಮಕ್ಕಳಿಗಿಂತ ಹೆಚ್ಚು ಬೆಳೆದಿತ್ತು.

ಆದರೆ ನನಗೆ ಹತ್ತಿರವಾದದ್ದು ನಮ್ಮ ಪಕ್ಕದ ಗೋವಾದ ಕೆಲಸ. ಅಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟು 65 ಮಕ್ಕಳ ಕುಟುಂಬಗಳೊಡನೆ ನಡೆದ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ದೊಡ್ಡ ತಜ್ಞರು ಅಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ, ತಂದೆತಾಯಿ ಮಗುವಿನ ಜತೆ ಆಡುವ ವಿಡಿಯೊ ತೆಗೆದು, ಅದನ್ನು ಅವರ ಜತೆಯೇ ಕೂತು ನೋಡಿದರು. ನನಗೆ ಮಾಡಿದ್ದೂ ಅದನ್ನೇ! ಆ ಮನೆಗಳಲ್ಲಿ ತಂದೆತಾಯಿ ಮಗುವಿನ ಗತಿಗೆ ಹೊಂದಿಕೊಂಡರು, ಮಕ್ಕಳು ತಾವಾಗಿ ಸಂಪರ್ಕ ಶುರು ಮಾಡುವುದು ಹೆಚ್ಚಾಯಿತು. ಆಟಿಸಂ ಹೋಯಿತು ಅಂತ ಯಾರೂ ಹೇಳಲಿಲ್ಲ. ಆಟಿಸಂ ಹೋಗುವಂಥದ್ದೂ ಅಲ್ಲ.

ಉಪ್ಪಿನ ಮೂಟೆ

ಈ ಕಥೆಯಲ್ಲಿ ಅತ್ತೆಯ ಪಾತ್ರ ನನಗಿಂತ ದೊಡ್ಡದು. ಚಿಕಿತ್ಸಕಿಗೆ ಭಾಷೆಯ ವಿಷಯ ಹೇಳಿದಾಗ ಆಕೆ ತಲೆ ಮೇಲೆ ಕೈ ಇಟ್ಟುಕೊಂಡರು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳಿಗೆ ಮಾತು ಇನ್ನೂ ತಡವಾಗುತ್ತದೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲವಂತೆ. ‘ಅಜ್ಜಿ ಮಾತಾಡ್ಲಿ ಮೇಡಂ. ನಿಮಗೆ ಕೋಪ ಬಂದಾಗ, ಮುದ್ದು ಬಂದಾಗ ಯಾವ ಭಾಷೆ ಬರತ್ತೋ ಅದ್ರಲ್ಲೇ ಆಡಿ’ ಅಂದರು. ಮನೆಗೆ ಬಂದು ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಹಂಗಾದ್ರೆ ನಾನು ಮಾತಾಡ್ಬೋದಾ?’ ಅಂದರು. ಅವತ್ತು ನನಗಾದ ನಾಚಿಕೆ ಹೇಳತೀರದು.

ಮಾರನೇ ದಿನವೇ ಅವನನ್ನು ಬೆನ್ನಿಗೆ ಹಾಕಿಕೊಂಡು ‘ಉಪ್ಪು ಬೇಕೇನಮ್ಮಾ ಉಪ್ಪೂ’ ಅಂತ ಹಾಲಿನಿಂದ ಅಡುಗೆಮನೆಗೆ ಹೊರಟರು. ಹಳ್ಳಿಯಲ್ಲಿ ಬೆಳೆದವರಿಗೆ ಈ ಆಟ ಹೇಳಿಕೊಡಬೇಕಾಗಿಲ್ಲ. ಮಗುವೇ ಉಪ್ಪಿನ ಮೂಟೆ. ಹೊತ್ತವರು ವ್ಯಾಪಾರಿ. ಮನೆಯ ಉಳಿದವರೆಲ್ಲ ಗಿರಾಕಿಗಳು, ಮೂಟೆಯನ್ನು ಚಿವುಟಿ, ರುಚಿ ನೋಡಿ, ‘ಅಯ್ಯೋ ಸಪ್ಪೆ, ಬೇಡ’ ಅನ್ನಬೇಕು. ನನ್ನ ಎದೆ ಧಸಕ್ಕೆಂದಿತು. ಅವನನ್ನು ಯಾರಾದರೂ ಮುಟ್ಟಿದರೆ ಸಿಡಿಮಿಡಿಗೊಳ್ಳುತ್ತಿದ್ದವನು. ಆದರೆ ಬೆನ್ನಿಗೆ ಗಟ್ಟಿಯಾಗಿ ಒತ್ತಿಕೊಂಡು ತೂಗಾಡುವುದು ಅವನ ಮೈಗೆ ಬೇಕಾಗಿತ್ತೋ ಏನೋ, ಕಿಲಕಿಲ ನಕ್ಕ. ಮೆಲ್ಲಗೆ ಸವರುವುದು ಸಹಿಸದ ಕೆಲವು ಮಕ್ಕಳಿಗೆ ಗಟ್ಟಿ ಒತ್ತು ಹಿತವಾಗುತ್ತದೆ ಅಂತ ಆಮೇಲೆ ಕೇಳಿ ತಿಳಿದೆ.

ಚಿಕಿತ್ಸಕಿ ಈ ಆಟ ನೋಡಿ ಖುಷಿಪಟ್ಟು ಒಂದೇ ಒಂದು ಬದಲಾವಣೆ ಹೇಳಿದರು. ‘ಅಜ್ಜೀ, ನಾಲ್ಕು ದಿನ ಹೀಗೇ ಆಡಿ. ಐದನೇ ದಿನ “ಉಪ್ಪು ಬೇಕೇನಮ್ಮಾ” ಅಂದು ನಿಂತ್ಬಿಡಿ. ಮುಂದಿಂದು ನೀವು ಹೇಳ್ಬೇಡಿ.’ ಆಟದ ವಿಶೇಷವೇ ಇದು. ಕಾರ್ಡಿನ ಮುಂದೆ ಮಗುವಿಗೆ ಮುಂದೇನು ಅಂತ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಹತ್ತು ಸಲ ಆಡಿದ ಆಟದಲ್ಲಿ ಮುಂದೇನು ಬರುತ್ತದೆ ಅಂತ ಮೈಗೇ ಗೊತ್ತಿರುತ್ತದೆ. ನಿಂತರೆ ತಡೆಯಲಾಗುವುದಿಲ್ಲ.

ಐದನೇ ದಿನ ಅತ್ತೆ ನಿಂತರು. ಮೂಟೆ ಒದ್ದಾಡಿತು. ಕಾಲಿನಿಂದ ತಿವಿಯಿತು. ಅತ್ತೆ ಕದಲಲಿಲ್ಲ. ಹನ್ನೊಂದನೇ ದಿನ ಅಜ್ಜಿಯ ಕಿವಿಯ ಹತ್ತಿರ ‘ಪ್ಪೂ’ ಅಂತ ಕೇಳಿತು. ಅತ್ತೆ ಓಡಿದ ಓಟ ನೋಡಬೇಕಿತ್ತು, ಮಂಡಿನೋವು ಎಲ್ಲಿ ಹೋಯಿತೋ! ಎರಡು ವರ್ಷ ತುಂಬುವಾಗ ಕಳೆದುಹೋದ ಮಾತು ಮತ್ತೆ ಬಂದದ್ದು ಕನ್ನಡದಲ್ಲಿ, ಅದೂ ಉಪ್ಪಿನ ರೂಪದಲ್ಲಿ.

ಆಟವಾಗದ ದಿನಗಳು

ಇಲ್ಲಿಗೆ ನಿಲ್ಲಿಸಿದರೆ ಸಿನಿಮಾ ಆದೀತು. ‘ಪ್ಪೂ’ ಬಂದ ಮೇಲೆ ಮುಂದಿನ ಪದಕ್ಕೆ ಎರಡೂವರೆ ತಿಂಗಳು ಕಾದೆವು. ಮಿಕ್ಸಿ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾನೆ. ನಾನು ಚಟ್ನಿ ರುಬ್ಬುವ ಮೊದಲು ಹೇಳಿಯೇ ರುಬ್ಬುತ್ತೇನೆ. ನಾದಿನಿಯ ಮದುವೆಯಲ್ಲಿ ವಾಲಗ ಶುರುವಾದಾಗ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡ. ಛತ್ರದ ಅಷ್ಟೂ ಜನ ನನ್ನನ್ನು ನೋಡಿದರು. ‘ನೀನು ಕೆಲಸಕ್ಕೆ ಹೋಗದೆ ಮನೇಲಿದ್ದಿದ್ರೆ ಹೀಗಾಗ್ತಿತ್ತಾ?’ ಅಂತ ಹಿರಿಯರೊಬ್ಬರು ಕೇಳಿಯೇಬಿಟ್ಟರು. ತಾಯಿಯ ಪ್ರೀತಿ ಸಾಲದ್ದಕ್ಕೆ ಆಟಿಸಂ ಬರುತ್ತದೆ ಅನ್ನುವ ಮಾತು ಒಂದು ಕಾಲಕ್ಕೆ ಅಮೆರಿಕದ ವೈದ್ಯರೇ ಆಡಿದ್ದು. ಬರ್ನಾರ್ಡ್ ರಿಮ್ಲೆಂಡ್ ಅನ್ನುವ ಮನಶ್ಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಮಗನ ತಂದೆ, 1964ರಲ್ಲೇ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ನಮ್ಮ ಛತ್ರಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇನ್ನೊಂದು ವಿಷಯ. ನಮ್ಮ ಪುಟ್ಟನಿಗೆ ಒಗ್ಗಿದ್ದು ಎಲ್ಲ ಮಕ್ಕಳಿಗೂ ಒಗ್ಗಬೇಕಿಲ್ಲ. ಸರತಿಯಲ್ಲಿ ಪರಿಚಯವಾದ ಗೆಳತಿಯೊಬ್ಬಳ ಮಗಳಿಗೆ ಎಂಟು ವರ್ಷ. ಅವಳನ್ನು ಎತ್ತಿದರೆ, ತೂಗಿದರೆ ಪ್ರಾಣ ಹೋದ ಹಾಗೆ ಕಿರುಚುತ್ತಾಳೆ. ಅವಳ ಆಟ ನೀರಿನದು. ಬಚ್ಚಲಲ್ಲಿ ಎರಡು ಚೊಂಬು, ಒಂದು ಜರಡಿ. ಅಮ್ಮ ಸುರಿದರೆ ಅವಳು ಸುರಿಯುತ್ತಾಳೆ, ಇವತ್ತಿಗೂ ಅದೇ. ಅವಳಿಗೆ ಮಾತು ಬಂದಿಲ್ಲ. ಚಿತ್ರಗಳಿರುವ ಟ್ಯಾಬ್ ಒತ್ತಿ ‘ನೀರು’, ‘ಸಾಕು’, ‘ಅಮ್ಮ ಬಾ’ ಅನ್ನುತ್ತಾಳೆ. ಟ್ಯಾಬ್ ಕೊಟ್ಟರೆ ಬಾಯಿ ಮಾತು ಬರುವುದೇ ಇಲ್ಲ ಅಂತ ನೆಂಟರು ಹೆದರಿಸಿದ್ದರು. ಅದು ನಿಜವಲ್ಲ, ಚಿತ್ರ-ಟ್ಯಾಬ್ ಬಳಸಿದ್ದರಿಂದ ಮಾತು ತಡೆಯುವುದಿಲ್ಲ ಅಂತ ಚಿಕಿತ್ಸಕರು ಒಂದೇ ಬಾಯಲ್ಲಿ ಹೇಳುತ್ತಾರೆ. ‘ಸಾಕು’ ಅನ್ನುವುದು ಬಂದ ಮೇಲೆ ಅವಳು ಹೊಡೆಯುವುದು ಕಡಿಮೆಯಾಯಿತಂತೆ.

ಶಾಲೆಯ ಕಥೆ ಉದ್ದ, ಚಿಕ್ಕದು ಮಾಡುತ್ತೇನೆ. ಮೊದಲು ಹೋದ ಎರಡು ಶಾಲೆಗಳು ‘ಬೇರೆ ಪೇರೆಂಟ್ಸ್ ಒಪ್ಪಲ್ಲ’ ಅಂದವು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಲ್ಲಿ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಅಂತಲೂ ಅದರಲ್ಲೇ ಇದೆ. ಆ ಪುಟದ ಪ್ರತಿ ಹಿಡಿದುಕೊಂಡು ಮೂರನೇ ಶಾಲೆಗೆ ಹೋದೆ, ಅಲ್ಲಿ ಅದನ್ನು ತೆಗೆಯುವ ಅಗತ್ಯವೇ ಬರಲಿಲ್ಲ. ಹೆಡ್‌ಮಿಸ್ ‘ಅವನಿಗೆ ಏನು ಆಟ ಇಷ್ಟ?’ ಅಂತ ಮೊದಲು ಕೇಳಿದರು. ಹಳ್ಳಿಗಳಲ್ಲಿರುವವರು ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಅವರನ್ನೋ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ವಿಳಂಬಕ್ಕೂ ತಪಾಸಣೆ ಇದೆ, ಮುಂದಿನ ಚಿಕಿತ್ಸೆಗೆ ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಆಟಿಸಂ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಅವಕಾಶವಿದೆ. ನಮಗೆ ಇದನ್ನು ಯಾರೂ ಹೇಳದೆ ಒಂದೂವರೆ ವರ್ಷ ಕೈಯಿಂದ ಕಟ್ಟಿದೆವು.

ಹೊಸ ಆಟಿಕೆ ಏನು ತರಬೇಕು ಅಂತ ಕೇಳಿ ಫೋನ್ ಮಾಡುವ ತಾಯಂದಿರಿದ್ದಾರೆ. ಆನ್‌ಲೈನಿನಲ್ಲಿ ‘ಆಟಿಸಂ ಟಾಯ್ಸ್’ ಅಂತ ಹಾಕಿದರೆ ಮೂರು ಸಾವಿರ, ಐದು ಸಾವಿರದ ಪೆಟ್ಟಿಗೆಗಳು ಬರುತ್ತವೆ. ನಾನೂ ಎರಡು ತರಿಸಿದ್ದೆ, ಪುಟ್ಟ ಒಳಗಿನದನ್ನು ಬಿಟ್ಟು ಪೆಟ್ಟಿಗೆಯ ಜತೆ ಆಡಿದ. ನಿಮ್ಮ ಮಗು ಈಗ ಏನು ಮಾಡುತ್ತಿದೆ, ಅದನ್ನೇ ಎರಡು ಜತೆ ಇಟ್ಟುಕೊಳ್ಳಿ. ಅದು ಸುತ್ತಿಸುವ ತಟ್ಟೆ ಇರಬಹುದು, ಕುಕ್ಕರ್ ವೆಯ್ಟ್ ಇರಬಹುದು, ಹರಿದ ಕಾಗದ ಇರಬಹುದು. ಮಗು ಒಂದು ಪದ ಆಡುವುದಾದರೆ ನೀವು ಎರಡು ಆಡಿ, ಏಳಲ್ಲ. ನನಗೆ ಈ ಕೊನೆಯದು ಇನ್ನೂ ಪೂರ್ತಿ ಬಂದಿಲ್ಲ. ಹೋದ ತಿಂಗಳ ವಿಡಿಯೊದಲ್ಲಿ ಹತ್ತು ನಿಮಿಷಕ್ಕೆ 19 ಪ್ರಶ್ನೆ.

ಪುಟ್ಟನಿಗೆ ಈಗ ಏಳು ವರ್ಷ. ಮೂರು ನಾಲ್ಕು ಪದ ಸೇರಿಸಿ ಮಾತಾಡುತ್ತಾನೆ. ಸಂಜೆ ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುವಾಗ ಗೇಟು ಹಿಡಿದು ನಿಂತು ನೋಡುತ್ತಾನೆ, ಹೋಗುವುದಿಲ್ಲ. ಅದಕ್ಕೇನು ಮಾಡುವುದು ಅಂತ ನನಗೂ ಗೊತ್ತಿಲ್ಲ, ಚಿಕಿತ್ಸಕಿಗೂ ಸದ್ಯಕ್ಕೆ ಗೊತ್ತಿಲ್ಲ. ಅತ್ತೆಗೆ ಮಂಡಿ ಪೂರ್ತಿ ಹೋಗಿದೆ, ಮೂಟೆ ಹೊರುವ ಕಾಲ ಮುಗಿಯಿತು. ಹೋದ ಭಾನುವಾರ ಮಧ್ಯಾಹ್ನ ಅವರು ದಿವಾನದ ಮೇಲೆ ಕಾಲು ಚಾಚಿ ಕೂತಿದ್ದರು. ಪುಟ್ಟ ರೂಮಿನಿಂದ ಬಂದ. ಬೆನ್ನ ಮೇಲೆ ದಿಂಬು, ಅದರ ತುದಿಯನ್ನು ಎರಡೂ ಕೈಯಲ್ಲಿ ಭುಜದ ಮೇಲಿಂದ ಹಿಡಿದುಕೊಂಡಿದ್ದಾನೆ. ‘ಅಜ್ಜಿ, ಉಪ್ಪು ಬೇಕಾ?’ ಅಂದ.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ದಿಂಬು ಮುಟ್ಟಿ, ಬೆರಳು ನಾಲಿಗೆಗೆ ತಾಗಿಸಿ, ‘ಅಯ್ಯೋ ಸಪ್ಪೆ ಕಣಪ್ಪ’ ಅಂದರು. ಪುಟ್ಟ ಯೋಚಿಸಿದ. ದಿಂಬು ಕೆಳಗಿಟ್ಟು, ಸೋಫಾದ ಕೆಳಗಿನ ಡಬ್ಬ ಎಳೆದು, ಒಂದು ಬಿಳಿ ಮುಚ್ಚಳ ತಂದು ಅವರ ಕೈಗಿಟ್ಟ. ‘ಇದು ಜಾಸ್ತಿ ಉಪ್ಪು’ ಅಂದ.